ಕುರಾನಿನ ಪಕ್ಕದಲ್ಲಿ ಯಾವುದನ್ನು ಇಡಬೇಕು?

ಪ್ರಶ್ನೆ: ನಾನು ದಕ್ಷಿಣ ಕನ್ನಡದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಧರ್ಮಗಳ ಪಾಠ ಮಾಡುವಾಗ ಕರಿಹಲಗೆಯ ಮೇಲೆ ಎರಡು ಸಾಲು ಮಾಡಿ, ಸ್ಥಾಪಕರು: ಯೇಸು ಕ್ರಿಸ್ತ, ಮಹಮ್ಮದ್ ಪೈಗಂಬರ್, ಪವಿತ್ರ ಗ್ರಂಥ: ಬೈಬಲ್, ಕುರಾನ್ ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಟೀಚರ್, ಈಸಾ ನಬಿ ನಮ್ಮ ಕುರಾನಿನಲ್ಲೂ ಇದ್ದಾರೆ, ಅವರ ಅಮ್ಮನ ಹೆಸರಿನ ಅಧ್ಯಾಯವೇ ಇದೆ' ಎಂದಳು. ಅವಳ ಮುಂದೆ ಕುಳಿತಿದ್ದ ಹುಡುಗ ತಿರುಗಿ, 'ಹಾಗಾದರೆ ನೀವು ಯಾಕೆ ಚರ್ಚಿಗೆ ಬರುವುದಿಲ್ಲ?' ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಇಸ್ಲಾಂ ಕ್ರೈಸ್ತ ಧರ್ಮದಿಂದಲೇ ಹುಟ್ಟಿದ್ದೇ? ಮೂಲ ನಂಬಿಕೆಯಲ್ಲಿ ಇವೆರಡರ ನಡುವಿನ ನಿಜವಾದ ವ್ಯತ್ಯಾಸವೇನು?

ಉತ್ತರ: ಆ ಹುಡುಗಿ ಹೇಳಿದ್ದು ಪೂರ್ತಿ ಸರಿ. ಮುಸ್ಲಿಮರು ಯೇಸುವನ್ನು ಈಸಾ ನಬಿ ಎಂದೂ ಅವರ ತಾಯಿ ಮರಿಯಳನ್ನು ಮರ್ಯಮ್ ಎಂದೂ ಕರೆಯುತ್ತಾರೆ. ಕುರಾನಿನ 19ನೆಯ ಅಧ್ಯಾಯದ ಹೆಸರೇ 'ಮರ್ಯಮ್'. ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಅವಳೊಬ್ಬಳೇ. ಪೈಗಂಬರರ ತಾಯಿ ಆಮಿನಾ ಅವರ ಹೆಸರಾಗಲಿ, ಪತ್ನಿ ಖದೀಜಾ ಅವರ ಹೆಸರಾಗಲಿ ಅಲ್ಲಿ ಬರುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಮರಿಯಮ್ಮ ಎಂಬ ಹೆಸರು ಬ್ಯಾರಿ ಮುಸ್ಲಿಮರ ಮನೆಯಲ್ಲೂ ಇದೆ, ಕ್ರೈಸ್ತರ ಮನೆಯಲ್ಲೂ ಇದೆ. ಮಗಳಿಗೆ ಆ ಹೆಸರಿಡುವಾಗ ಎರಡೂ ಮನೆಯವರು ನೆನೆಯುವುದು ಒಬ್ಬಳೇ ತಾಯಿಯನ್ನು.

ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಯೇಸುವಿನ ಜನನದ ಭಾಗವನ್ನು ಎರಡೂ ಗ್ರಂಥಗಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ಬೈಬಲಿನ ಲೂಕನ ಸುವಾರ್ತೆಯಲ್ಲಿ ಬೇತ್ಲೆಹೇಮಿನ ಛತ್ರದಲ್ಲಿ ಸ್ಥಳವಿಲ್ಲ; ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾರೆ, ಕುರುಬರು ನೋಡಲು ಬರುತ್ತಾರೆ. ಕುರಾನಿನಲ್ಲಿ ಗೋದಲಿಯೂ ಇಲ್ಲ, ಯೋಸೇಫನೂ ಇಲ್ಲ. ಮರ್ಯಮ್ ಒಬ್ಬಳೇ ದೂರದ ಜಾಗಕ್ಕೆ ಹೋಗಿದ್ದಾಳೆ. ಹೆರಿಗೆಯ ಬೇನೆ ಅವಳನ್ನು ಖರ್ಜೂರದ ಮರದ ಬುಡಕ್ಕೆ ತರುತ್ತದೆ. 'ಇದಕ್ಕೆ ಮೊದಲೇ ಸತ್ತುಹೋಗಿದ್ದರೆ, ಯಾರ ನೆನಪಿನಲ್ಲೂ ಉಳಿಯದಿದ್ದರೆ ಚೆನ್ನಾಗಿತ್ತು' ಎಂದು ನರಳುತ್ತಾಳೆ. ಆಗ ಕೆಳಗಿನಿಂದ ಒಂದು ದನಿ: ದುಃಖಿಸಬೇಡ, ನಿನ್ನ ಕೆಳಗೇ ತೊರೆ ಹರಿದಿದೆ, ಮರದ ಕಾಂಡವನ್ನು ಅಲುಗಿಸು, ಹಣ್ಣು ಉದುರುತ್ತದೆ, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ. ಮಗುವನ್ನು ಎತ್ತಿಕೊಂಡು ಅವಳು ತನ್ನವರ ಬಳಿಗೆ ಮರಳಿದಾಗ ಜನ ಆಡಿಕೊಳ್ಳುತ್ತಾರೆ. ಅವಳು ತುಟಿ ಬಿಚ್ಚುವುದಿಲ್ಲ, ಮಗುವಿನತ್ತ ಕೈ ತೋರಿಸುತ್ತಾಳೆ. ತೊಟ್ಟಿಲ ಕೂಸು ಮಾತನಾಡುತ್ತದೆ: 'ನಾನು ದೇವರ ದಾಸ.' ಆ ಮಾತಿನ ಬಳಿ ತರಗತಿಯನ್ನು ನಿಲ್ಲಿಸುತ್ತಿದ್ದೆ. ಕನ್ಯೆಯ ಮಗನಾಗಿ ಯೇಸು ಹುಟ್ಟಿದ್ದನ್ನು ಇಸ್ಲಾಂ ಒಪ್ಪುತ್ತದೆ. ದೇವರ ಮಗ ಎಂಬುದನ್ನು ಒಪ್ಪುವುದಿಲ್ಲ.

ಇನ್ನು ಹುಟ್ಟಿನ ಪ್ರಶ್ನೆ. ಹೊರಗಿನ ಗಾಳಿ ಸೋಕದ ಮರಳುಗಾಡಿನಲ್ಲಿ ಇಸ್ಲಾಂ ಮೊಳೆಯಿತು ಎಂದು ಭಾವಿಸುವವರು ಇದ್ದಾರೆ. ಹಾಗೇನೂ ಇರಲಿಲ್ಲ. 570ರ ಸುಮಾರಿಗೆ ಮಕ್ಕಾದ ಕುರೈಶ್ ಬುಡಕಟ್ಟಿನಲ್ಲಿ ಮುಹಮ್ಮದರು ಹುಟ್ಟಿದಾಗ, ಉತ್ತರದಲ್ಲಿ ಬೈಜಾಂಟೈನ್ ಸಾಮ್ರಾಜ್ಯದ ಕ್ರೈಸ್ತರಿದ್ದರು, ದಕ್ಷಿಣದ ನಜ್ರಾನಿನಲ್ಲಿ ಅರಬ್ ಕ್ರೈಸ್ತರಿದ್ದರು, ಕೆಂಪು ಸಮುದ್ರದ ಆಚೆ ಅಬಿಸೀನಿಯ, ಅಂದರೆ ಇಂದಿನ ಇಥಿಯೋಪಿಯದ ಕಡೆ, ಕ್ರೈಸ್ತ ರಾಜನಿದ್ದ. ಮುಂದೆ ಮದೀನಾ ಎನಿಸಿಕೊಂಡ ಯಸ್ರಿಬ್‌ನಲ್ಲಿ ಯಹೂದಿ ಬುಡಕಟ್ಟುಗಳಿದ್ದವು. ಮಕ್ಕಾ ಮಾತ್ರ ಬಹುದೇವತೆಗಳನ್ನು ಪೂಜಿಸುತ್ತಿದ್ದ ವ್ಯಾಪಾರದ ಊರು. 610ರಲ್ಲಿ ಹಿರಾ ಗುಹೆಯಲ್ಲಿ 'ಓದು' ಎಂಬ ಆಜ್ಞೆ ಕೇಳಿ ನಡುಗುತ್ತಾ ಮನೆಗೆ ಓಡಿಬಂದ ಗಂಡನಿಗೆ ಖದೀಜಾ ಕಂಬಳಿ ಹೊದಿಸಿದರು, ಆಮೇಲೆ ತಮ್ಮ ಬಂಧು ವರಕಾ ಎಂಬ ಮುದುಕನ ಬಳಿಗೆ ಕರೆದುಕೊಂಡು ಹೋದರು. ವರಕಾ ಕ್ರೈಸ್ತ. ಮೂಸಾ (ಬೈಬಲಿನ ಮೋಶೆ) ಅವರ ಬಳಿಗೆ ಬಂದಿದ್ದ ದೇವದೂತನೇ ಇವರ ಬಳಿಗೂ ಬಂದದ್ದು ಎಂದು ಗುರುತು ಹಿಡಿದವನು ಅವನೇ ಎಂದು ಮುಸ್ಲಿಂ ಪರಂಪರೆಯೇ ಹೇಳುತ್ತದೆ.

ಹಾಗಾದರೆ ಅಲ್ಲಿಂದ ಎರವಲು ತಂದದ್ದೇ? ಖರ್ಜೂರದ ಮರ ಮರಿಯಳಿಗಾಗಿ ಬಾಗುವ ಕಥೆಯಾಗಲಿ, ಬಾಲ ಯೇಸು ಮಣ್ಣಿನ ಹಕ್ಕಿಗೆ ಜೀವ ತುಂಬುವ ಕಥೆಯಾಗಲಿ (ಮಣ್ಣಿನ ಹಕ್ಕಿಯ ಮಾತು ಕುರಾನಿನಲ್ಲೂ ಬರುತ್ತದೆ) ಬೈಬಲಿನಲ್ಲಿಲ್ಲ, ಆದರೆ ಬೈಬಲಿಗೆ ಸೇರದ ಹಳೆಯ ಕ್ರೈಸ್ತ ಕಥನಗಳಲ್ಲಿ ಸಿಗುತ್ತವೆ. ಇಂಥ ಕಥೆಗಳು ಆ ಸೀಮೆಯಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತಿದ್ದವು ಎಂದು ಇತಿಹಾಸಕಾರರು ಹೇಳುತ್ತಾರೆ. ಹೇಳಿದ ದೇವರು ಒಬ್ಬನೇ ಆದ ಮೇಲೆ ಹೋಲಿಕೆ ಇರುವುದು ಸಹಜ ಎಂದು ಮುಸ್ಲಿಮರು ಹೇಳುತ್ತಾರೆ. ಅವರ ಪಾಲಿಗೆ ಇಸ್ಲಾಂ 7ನೆಯ ಶತಮಾನದಲ್ಲಿ ಹುಟ್ಟಿದ ಹೊಸ ಮತವೇ ಅಲ್ಲ. ಆದಮ್, ಇಬ್ರಾಹೀಂ, ಮೂಸಾ, ಈಸಾ ಎಲ್ಲರೂ ಸಾರಿದ್ದು ಇದನ್ನೇ. ಯಹೂದಿಗಳ ಗ್ರಂಥವನ್ನು 'ಹಳೆಯ ಒಡಂಬಡಿಕೆ' ಎಂದು ಕರೆದು ಕ್ರೈಸ್ತರು ತಮ್ಮದಾಗಿಸಿಕೊಂಡದ್ದೂ ಇಂಥದೇ ನಂಬಿಕೆಯಿಂದ. ಆದ್ದರಿಂದ ತಾಯಿ ಮಗಳ ಸಂಬಂಧಕ್ಕಿಂತ, ಅಬ್ರಹಾಮನ ಮನೆತನದ ಕವಲುಗಳು ಎಂದು ಮಕ್ಕಳಿಗೆ ಹೇಳುವುದು ಹೆಚ್ಚು ಸರಿ.

ಈಗ ನಿಮ್ಮ ಕರಿಹಲಗೆಗೆ ಬರುತ್ತೇನೆ. ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ ಇದು, ಏಕೆಂದರೆ ನಮ್ಮ ಪಠ್ಯಗಳು ತಲೆಮಾರುಗಳಿಂದ ಎಡವುತ್ತಿರುವುದು ಇಲ್ಲೇ. ಯೇಸುವಿನ ಎದುರಿಗೆ ಮುಹಮ್ಮದರನ್ನೂ ಬೈಬಲಿನ ಎದುರಿಗೆ ಕುರಾನನ್ನೂ ಬರೆದ ಕೂಡಲೇ ಎರಡೂ ಧರ್ಮಗಳು ತಪ್ಪಾಗಿ ಕಾಣಲು ಶುರುವಾಗುತ್ತವೆ. ಕ್ರೈಸ್ತರಿಗೆ ದೇವರ ವಾಕ್ಯ ಎಂದರೆ ಮೊದಲಿಗೆ ಒಬ್ಬ ವ್ಯಕ್ತಿ. ಯೋಹಾನನ ಸುವಾರ್ತೆ ತೊಡಗುವುದೇ ಆದಿಯಲ್ಲಿದ್ದ ವಾಕ್ಯದಿಂದ. ಆ ವಾಕ್ಯವೇ ಮನುಷ್ಯನಾಗಿ ನಮ್ಮ ನಡುವೆ ವಾಸಮಾಡಿತು ಎಂದು ಅದು ಹೇಳುತ್ತದೆ. ಸುವಾರ್ತೆಗಳು ಆ ವ್ಯಕ್ತಿಯ ಬಗ್ಗೆ ಅನುಯಾಯಿಗಳು ಬರೆದ ಸಾಕ್ಷ್ಯ. ಮುಸ್ಲಿಮರಿಗೆ ದೇವರ ವಾಕ್ಯ ಕುರಾನ್. ಅದು ಮುಹಮ್ಮದರ ರಚನೆ ಎಂದರೆ ಯಾವ ಮುಸ್ಲಿಮನೂ ಒಪ್ಪುವುದಿಲ್ಲ. 23 ವರ್ಷಗಳ ಕಾಲ ಅವರ ಮೂಲಕ ಇಳಿದು ಬಂದದ್ದು ಅದು. ಹೀಗಾಗಿ ಯೇಸುವಿನ ಪಕ್ಕದಲ್ಲಿ ಇಡಬೇಕಾದದ್ದು ಕುರಾನನ್ನು. ಹಾಗಾದರೆ ಮುಹಮ್ಮದರ ಜಾಗ ಯಾವುದು? ಒಂದು ಅರ್ಥದಲ್ಲಿ ಮರಿಯಳ ಪಕ್ಕ. ಕನ್ಯೆಯಾದ ಅವಳ ಒಡಲಲ್ಲಿ ವಾಕ್ಯ ಬಂದಿತು ಎಂದು ಕ್ರೈಸ್ತರು ನಂಬಿದರೆ, ಅಕ್ಷರ ಕಲಿಯದ ಇವರ ನಾಲಿಗೆಗೆ ವಾಕ್ಯ ಬಂದಿತು ಎಂದು ಮುಸ್ಲಿಮರು ನಂಬುತ್ತಾರೆ.

ಹೀಗೆ ಜೋಡಿಸಿದರೆ ಎಷ್ಟೋ ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಕನ್ನಡ ಬೈಬಲ್ ಕ್ರೈಸ್ತರಿಗೆ ಬೈಬಲೇ. ಯೇಸು ಆಡಿದ್ದು ಅರಮಾಯಿಕ್ ಭಾಷೆ, ಸುವಾರ್ತೆಗಳು ಇರುವುದು ಗ್ರೀಕಿನಲ್ಲಿ. ಅಂದರೆ ಅವರ ಮಾತುಗಳು ನಮಗೆ ಸಿಕ್ಕಿದ್ದೇ ಅನುವಾದದಲ್ಲಿ. 'ತಲಿಥಾ ಕೂಮ್' (ಹುಡುಗೀ, ಏಳು) ಎಂಬಂಥ ಕೆಲವೇ ಮಾತುಗಳು ಮೂಲದ ದನಿಯಲ್ಲಿ ಉಳಿದಿವೆ. ಅದರಿಂದ ಕ್ರೈಸ್ತರ ನಂಬಿಕೆಗೆ ಏನೂ ಕುಂದಿಲ್ಲ, ಏಕೆಂದರೆ ವಾಕ್ಯ ಇರುವುದು ಆ ವ್ಯಕ್ತಿಯಲ್ಲಿ. ಕುರಾನಿನ ಕನ್ನಡ ಅನುವಾದ ಅರ್ಥ ತಿಳಿಯಲು ನೆರವಾಗುತ್ತದೆ, ಆದರೆ ನಮಾಜಿನಲ್ಲಿ ಅರಬ್ಬೀ ಪಠಣವೇ ಆಗಬೇಕು. ಚರ್ಚಿನಲ್ಲಿ ಭಕ್ತರು ಪರಮಪ್ರಸಾದವನ್ನು, ಅಂದರೆ ಯೇಸುವಿನ ದೇಹವೆಂದು ನಂಬುವ ರೊಟ್ಟಿಯನ್ನು, ನಾಲಿಗೆಯ ಮೇಲೆ ಸ್ವೀಕರಿಸಿ ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಿ. ಮದರಸದಲ್ಲಿ ಮಗುವೊಂದು ಮುಂದೆ ಹಿಂದೆ ತೂಗುತ್ತಾ 114 ಅಧ್ಯಾಯಗಳನ್ನು ಕಂಠಪಾಠ ಮಾಡುವುದನ್ನೂ ನೋಡಿ. ದೇವರ ವಾಕ್ಯವನ್ನು ತನ್ನೊಳಗೆ ತೆಗೆದುಕೊಳ್ಳುವ ಎರಡು ಬಗೆಗಳು ಇವು.

ಹಳೆಯ ಕನ್ನಡ ಪುಸ್ತಕಗಳಲ್ಲಿ 'ಮಹಮ್ಮದೀಯ ಮತ' ಎಂಬ ಮಾತು ಸಿಗುತ್ತದೆ. ಕ್ರಿಸ್ತನಿಂದ ಕ್ರೈಸ್ತ ಎಂಬಂತೆ ಅದನ್ನು ಕಟ್ಟಿದರು. ಮುಸ್ಲಿಮರಿಗೆ ಅದು ಮೊದಲಿನಿಂದಲೂ ಒಪ್ಪಿಗೆಯಾಗಿಲ್ಲ. ನಾವು ಬಳಸುವ 'ಪೈಗಂಬರ್' ಎಂಬ ಪಾರಸಿ ಪದವೇ ಸಾಕಷ್ಟು ಹೇಳುತ್ತದೆ: ಪೈಗಾಮ್ ಅಂದರೆ ಸಂದೇಶ, ಅದನ್ನು ಹೊತ್ತು ತಂದವನು ಪೈಗಂಬರ್. 632ರಲ್ಲಿ ಅವರು ತೀರಿಕೊಂಡಾಗ ಮದೀನಾದ ಜನ ನಂಬಲಾರದೆ ಕಂಗೆಟ್ಟು ನಿಂತಿದ್ದರು. ಅವರ ಆಪ್ತ ಸಂಗಾತಿ ಅಬೂಬಕ್ಕರ್ ಹೊರಗೆ ಬಂದು, 'ಮುಹಮ್ಮದರನ್ನು ಆರಾಧಿಸುತ್ತಿದ್ದವರು ತಿಳಿಯಲಿ, ಮುಹಮ್ಮದ್ ತೀರಿಕೊಂಡಿದ್ದಾರೆ. ದೇವರನ್ನು ಆರಾಧಿಸುವವರು ತಿಳಿಯಲಿ, ದೇವರು ಜೀವಂತ, ಅವನಿಗೆ ಸಾವಿಲ್ಲ' ಎಂದರು. ಕ್ರೈಸ್ತರ ಕಥೆ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಅವರ ನಂಬಿಕೆ ಹುಟ್ಟುವುದೇ ಮೂರನೆಯ ದಿನ ಸಮಾಧಿ ಬರಿದಾಗಿತ್ತು ಎಂಬ ಸುದ್ದಿಯಿಂದ.

ಆ ಹುಡುಗನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಚರ್ಚಿನ ನಡುವೆ ಇರುವುದು ಶಿಲುಬೆ. ಆದಾಮನ ಪಾಪ ಮನುಕುಲಕ್ಕೆಲ್ಲ ಅಂಟಿತು, ಅದನ್ನು ಮನುಷ್ಯ ತನ್ನ ಬಲದಿಂದ ತೊಳೆದುಕೊಳ್ಳಲಾರ, ದೇವರ ಮಗನೇ ಶಿಲುಬೆಯಲ್ಲಿ ಸತ್ತು ಬಿಡಿಸಿದ ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಕುರಾನಿನಲ್ಲೂ ಆದಮ್ ಮತ್ತು ಅವರ ಪತ್ನಿ ನಿಷೇಧಿತ ಮರದ ಫಲ ತಿನ್ನುತ್ತಾರೆ. ಆದರೆ ಇಬ್ಬರೂ ಕ್ಷಮೆ ಬೇಡುತ್ತಾರೆ, ದೇವರು ಕ್ಷಮಿಸುತ್ತಾನೆ, ಕಡತ ಅಲ್ಲಿಗೆ ಮುಚ್ಚಿತು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರಾನ್ ಮತ್ತೆ ಮತ್ತೆ ಹೇಳುತ್ತದೆ. ಮಗು ಹುಟ್ಟುವುದು ಪಾಪವಿಲ್ಲದೆ. ತೀರ್ಪಿನ ದಿನ ನೋಡುವುದು ಅವರವರ ನಂಬಿಕೆ ಮತ್ತು ನಡತೆಯನ್ನು, ಅದಕ್ಕೂ ಮೇಲೆ ದೇವರ ಕರುಣೆ. ಹೀಗಿರುವಾಗ ಮತ್ತೊಬ್ಬರು ಬಲಿಯಾಗುವ ಅಗತ್ಯವೇ ಬರುವುದಿಲ್ಲ. ಈಸಾ ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಹಾಗೆ ಜನರಿಗೆ ತೋರಿತು ಎನ್ನುತ್ತದೆ ಕುರಾನಿನ 4ನೆಯ ಅಧ್ಯಾಯ. ದೇವರು ಅವರನ್ನು ತನ್ನೆಡೆಗೆ ಎತ್ತಿಕೊಂಡ, ಲೋಕದ ಕೊನೆಗಾಲದಲ್ಲಿ ಅವರು ಮರಳಿ ಬರುತ್ತಾರೆ ಎಂದು ಬಹುಪಾಲು ಮುಸ್ಲಿಮರು ನಂಬುತ್ತಾರೆ. ಕಲಿಮಾ, ನಮಾಜ್, ಜಕಾತ್, ಉಪವಾಸ, ಹಜ್ ಎಂಬ ಐದು ಕಡ್ಡಾಯಗಳು ನಿಮ್ಮ ಪಠ್ಯದಲ್ಲೇ ಇರುತ್ತವೆ, ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಅಲ್ಲಾಹ್ ಮತ್ತು ಬೈಬಲಿನ ದೇವರು ಒಬ್ಬನೇ ಅಥವಾ ಬೇರೆ ಬೇರೆಯೇ?

ಉತ್ತರ: 'ಅಲ್ಲಾಹ್' ಮುಸ್ಲಿಮರಿಗೆ ಮಾತ್ರ ಸೇರಿದ ಹೆಸರಲ್ಲ. ಈಜಿಪ್ಟ್, ಲೆಬನಾನ್, ಸಿರಿಯಾಗಳ ಅರಬ್ ಕ್ರೈಸ್ತರು ಚರ್ಚಿನಲ್ಲಿ ದೇವರನ್ನು ಕರೆಯುವುದು ಅದೇ ಪದದಿಂದ. ಅರಬ್ಬೀ ಬೈಬಲಿನ ಮೊದಲ ವಾಕ್ಯದಲ್ಲೇ ಅದು ಇದೆ. ಸೃಷ್ಟಿ ಮಾಡಿದವನು, ಅಬ್ರಹಾಮನನ್ನು ಕರೆದವನು, ಮೋಶೆಯೊಡನೆ ಮಾತನಾಡಿದವನು ಎಂಬಷ್ಟರ ಮಟ್ಟಿಗೆ ಇಬ್ಬರೂ ಒಬ್ಬನೇ ದೇವರನ್ನು ಕುರಿತು ಮಾತನಾಡುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ದೇವರು ಹೇಗಿದ್ದಾನೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವನ್ನು ಕ್ರೈಸ್ತರು ಕಾಣುತ್ತಾರೆ. 325ರಲ್ಲಿ ನೈಸಿಯ ನಗರದಲ್ಲಿ ಸೇರಿದ ಬಿಷಪರ ಸಭೆ, ಮಗನು ತಂದೆಯಿಂದ ಜನಿಸಿದವನು, ಸೃಷ್ಟಿಯಾದವನಲ್ಲ ಎಂದು ಬರೆದಿಟ್ಟಿತು. ಕುರಾನಿನ 112ನೆಯ ಅಧ್ಯಾಯ ನಾಲ್ಕೇ ಸಾಲಿನದು, ಮುಸ್ಲಿಂ ಮಕ್ಕಳು ಮೊದಮೊದಲು ಕಲಿಯುವ ಅಧ್ಯಾಯಗಳಲ್ಲಿ ಒಂದು: ಅವನು ಒಬ್ಬನೇ, ಅವನು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ, ಅವನಿಗೆ ಸಾಟಿ ಯಾರೂ ಇಲ್ಲ. ಎರಡನ್ನೂ ಒಂದರ ಕೆಳಗೊಂದು ಬರೆದು ಓದಿದರೆ ವ್ಯತ್ಯಾಸ ಎಲ್ಲಿದೆ ಎಂದು ಬೇರೆ ಹೇಳಬೇಕಾಗುವುದಿಲ್ಲ.

ಪ್ರಶ್ನೆ: ಪೈಗಂಬರರ ಕಾಲದಲ್ಲಿ ಮುಸ್ಲಿಮರು ಮತ್ತು ಕ್ರೈಸ್ತರು ಮುಖಾಮುಖಿಯಾಗಿ ಚರ್ಚಿಸಿದ್ದುಂಟೇ?

ಉತ್ತರ: ಉಂಟು. 615ರ ಸುಮಾರಿಗೆ ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಕೆಲವು ಮುಸ್ಲಿಮರು ಕಡಲು ದಾಟಿ ಅಬಿಸೀನಿಯಕ್ಕೆ ಹೋದರು. ಅವರನ್ನು ಹಿಡಿದು ತರಲು ಕುರೈಶರು ಕಾಣಿಕೆಗಳೊಂದಿಗೆ ದೂತರನ್ನು ಕಳಿಸಿದರು. ನಜಾಶಿ ಎನಿಸಿಕೊಂಡ ಅಲ್ಲಿನ ಕ್ರೈಸ್ತ ರಾಜ ಆಸ್ಥಾನದಲ್ಲಿ ಎರಡೂ ಕಡೆಯವರನ್ನು ನಿಲ್ಲಿಸಿದ. ಪೈಗಂಬರರ ದೊಡ್ಡಪ್ಪನ ಮಗ ಜಾಫರ್, ನಾನು ಮೇಲೆ ಹೇಳಿದ ಮರ್ಯಮ್ ಅಧ್ಯಾಯವನ್ನೇ ಪಠಿಸಿದರು. ರಾಜನ ಗಡ್ಡ ಕಣ್ಣೀರಿನಿಂದ ತೊಯ್ದಿತು, ಅವನು ನಿರಾಶ್ರಿತರನ್ನು ಒಪ್ಪಿಸಲಿಲ್ಲ ಎಂದು ಪೈಗಂಬರರ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ.

ಇನ್ನೊಂದು ಭೇಟಿ ಮದೀನಾದಲ್ಲಿ ನಡೆಯಿತು. ನಜ್ರಾನಿನಿಂದ ಬಿಷಪರ ಜೊತೆಗೆ ಕ್ರೈಸ್ತರ ದೊಡ್ಡ ನಿಯೋಗವೊಂದು ಬಂದಿತ್ತು. ಅವರ ಪ್ರಾರ್ಥನೆಯ ಹೊತ್ತಾದಾಗ ಪೈಗಂಬರರು ತಡೆಯಲಿಲ್ಲ; ಅವರು ಮಸೀದಿಯಲ್ಲೇ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಿದರು ಎಂದು ಅದೇ ಜೀವನಚರಿತ್ರೆಗಳಲ್ಲಿದೆ. ಆಮೇಲೆ ಯೇಸುವಿನ ಬಗ್ಗೆ ದೀರ್ಘ ವಾದ ನಡೆಯಿತು. ತಂದೆಯಿಲ್ಲದೆ ಹುಟ್ಟಿದ ಯೇಸು ದೇವರ ಮಗನಲ್ಲದೆ ಇನ್ನೇನು ಎಂದು ಅವರು ಕೇಳಿದರು. ತಂದೆಯೂ ತಾಯಿಯೂ ಇಲ್ಲದೆ ಮಣ್ಣಿನಿಂದ ಬಂದ ಆದಮ್ ಇದ್ದಾರಲ್ಲ ಎಂಬ ಉತ್ತರ ಬಂದಿತು. ಅದು ಕುರಾನಿನ 3ನೆಯ ಅಧ್ಯಾಯದಲ್ಲಿದೆ. ಯಾರೂ ಯಾರನ್ನೂ ಒಪ್ಪಿಸಲಾಗಲಿಲ್ಲ. ತಮ್ಮ ಧರ್ಮದಲ್ಲೇ ಉಳಿಯುತ್ತೇವೆ ಎಂದು ಹೇಳಿ, ಒಪ್ಪಂದ ಮಾಡಿಕೊಂಡು ನಜ್ರಾನಿನವರು ಹೊರಟರು. ಹೊರಡುವ ಮುನ್ನ ಒಂದು ಕೋರಿಕೆ ಇಟ್ಟರು: ನಮ್ಮ ನಮ್ಮಲ್ಲಿ ಹಣಕಾಸಿನ ತಕರಾರುಗಳಿವೆ, ತೀರ್ಮಾನ ಮಾಡಲು ನಿಮ್ಮವರಲ್ಲೇ ನಂಬಿಕಸ್ಥನಾದ ಒಬ್ಬನನ್ನು ಕಳಿಸಿಕೊಡಿ. ಪೈಗಂಬರರು ತಮ್ಮ ಸಂಗಾತಿ ಅಬೂ ಉಬೈದಾ ಅವರನ್ನು ಕರೆದು ಅವರ ಜೊತೆಗೆ ಕಳಿಸಿದರು.