ಒಂದೇ ಗೋಡೆಯ ಅಡುಗೆಮನೆಯಲ್ಲಿ ಸಿಂಕ್ ನಡುವೆ ಇರಬೇಕೇ?

3 ಮೀಟರ್ ಉದ್ದದ ಒಂದೇ ಗೋಡೆಗೆ ಇಡೀ ಅಡುಗೆಮನೆಯನ್ನು ಹೊಂದಿಸಬೇಕಾಗಿದೆ, ಕಿಟಕಿಯ ಕೆಳಗೆ ನಟ್ಟನಡುವೆ ಸಿಂಕ್ ಇಟ್ಟರೆ ಎರಡೂ ಕಡೆ ಸಮನಾಗಿ ಕಾಣುವುದಿಲ್ಲವೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಇಷ್ಟೇ ಉದ್ದದ ಗೋಡೆಯ ಮುಂದೆ ನಿಂತು ನಾನೂ ಇದೇ ಮಾತು ಹೇಳಿದ್ದೆ, ಹೇಳಿದಂತೆಯೇ ಕಟ್ಟಿಸಿಯೂ ಬಿಟ್ಟೆ.

ಎಡತುದಿಯಲ್ಲಿ ಫ್ರಿಜ್‌ಗೆ 70 ಸೆಂಟಿಮೀಟರ್, ಅದರ ಪಕ್ಕ 45 ಸೆಂ.ಮೀ. ಖಾಲಿ ಕಟ್ಟೆ, ಕಿಟಕಿಯ ಕೆಳಗೆ 60ರ ಸಿಂಕ್, ಮತ್ತೆ 40 ಖಾಲಿ, 60ರ ಒಲೆ, ಕೊನೆಗೆ ಮೂಲೆಯಲ್ಲಿ 25. ಖಾಲಿ ಕಟ್ಟೆಯನ್ನೆಲ್ಲ ಕೂಡಿಸಿದರೆ 110 ಸೆಂ.ಮೀ. ಬರುತ್ತಿತ್ತು. ಇಷ್ಟು ಸಣ್ಣ ಮನೆಗೆ ಅದು ಧಾರಾಳವಾಯಿತೆಂದು ನಾನು ನೆಮ್ಮದಿಯಿಂದಿದ್ದೆ.

ಹಾಗೆ ಕೂಡಿಸಿದ್ದೇ ನನ್ನ ತಪ್ಪು. ಮೂರು ತುಂಡುಗಳಾಗಿ ಹಂಚಿಹೋದ 110 ಸೆಂ.ಮೀ. ಕಟ್ಟೆಯಲ್ಲಿ ಕೆಲಸಕ್ಕೆ ಒದಗುವುದು ಸಿಂಕ್ ಮತ್ತು ಒಲೆಯ ನಡುವಿನ ತುಂಡು ಮಾತ್ರ, ಏಕೆಂದರೆ ತೊಳೆದದ್ದನ್ನು ಹೆಚ್ಚಿ ಒಲೆಗೆ ಹಾಕುವ ದಾರಿ ಅದೊಂದೇ. ಆ 40ರಲ್ಲಿ ಹೆಚ್ಚುವ ಹಲಗೆ ಇಟ್ಟರೆ ಪಕ್ಕದಲ್ಲಿ ಒಂದು ಬಟ್ಟಲಿಗೂ ಎಡೆಯಿಲ್ಲ. ಹಲಗೆಯನ್ನು ಅರ್ಧ ಸಿಂಕ್‌ನ ಮೇಲಕ್ಕೆ ಸರಿಸಿಕೊಂಡು ಕೆಲಸ ಮಾಡುವುದು ಅಭ್ಯಾಸವಾಯಿತು. ಒಂದು ಸಂಜೆ ಚಾಕುವನ್ನು ತುಸು ಒತ್ತಿದ್ದೇ ತಡ, ಹಲಗೆ ಮಗುಚಿ, ಹೆಚ್ಚಿಟ್ಟ ಈರುಳ್ಳಿಯೆಲ್ಲ ಮುಸುರೆ ನೀರಿಗೆ ಬಿತ್ತು. ಇನ್ನೊಮ್ಮೆ ನಲ್ಲಿಯ ಕೆಳಗೆ ಸೌಟು ತೊಳೆಯುತ್ತಿದ್ದಾಗ ನಾಲ್ಕು ಹನಿ ಹಾರಿ ಕಾದ ಎಣ್ಣೆಗೆ ಬಿದ್ದು, ಎಣ್ಣೆ ಸಿಡಿದು ನನ್ನ ಮಣಿಕಟ್ಟು ಸುಟ್ಟಿತು. ಫ್ರಿಜ್ ಪಕ್ಕದ 45 ಸೆಂ.ಮೀ. ಕಟ್ಟೆಯ ಮೇಲೆ ಮಾತ್ರ ಯಾವಾಗಲೂ ಖಾಲಿ ಡಬ್ಬಿಗಳೇ ನಿಂತಿರುತ್ತಿದ್ದವು.

ನಾಲ್ಕು ವರ್ಷ ಸಹಿಸಿಕೊಂಡು ಕೊನೆಗೆ ಒಡೆಸಿದೆ. ಒಲೆಯನ್ನು ಸರಿಸುವುದು ಒಂದು ದಿನದ ಕೆಲಸ, ಸಿಂಕ್ ಹಾಗಲ್ಲ. ಅದರ ಕೊಳೆನೀರಿನ ಕೊಳವೆಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಬೇಕು, ಆದ್ದರಿಂದ ಸಿಂಕ್ ಅರ್ಧ ಮೀಟರ್ ಸರಿದರೂ ಗೋಡೆ ಕೊರೆಯಬೇಕು. ಕಟ್ಟೆಯ ಕಲ್ಲಂತೂ ಹೊಸದೇ ಬೇಕಾಯಿತು.

ಈಗಿನ ಸಾಲು ಹೀಗಿದೆ: ಫ್ರಿಜ್ 70, ಸಿಂಕ್ 50, ಖಾಲಿ ಕಟ್ಟೆ 90, ಒಲೆ 60, ಅದರಾಚೆ ಬಿಸಿ ಪಾತ್ರೆ ಇಳಿಸಲು 30. ಗೋಡೆ ಅದೇ 3 ಮೀಟರ್, ಖಾಲಿ ಕಟ್ಟೆ ಮೊದಲಿಗಿಂತ ಬರೀ 10 ಸೆಂ.ಮೀ. ಹೆಚ್ಚು, ಆದರೆ ಇಬ್ಬರು ಅಕ್ಕಪಕ್ಕ ನಿಂತು ಕೆಲಸ ಮಾಡುತ್ತೇವೆ. ಸಾಮಾನು ಫ್ರಿಜ್‌ನಿಂದ ಸಿಂಕ್‌ಗೆ, ಅಲ್ಲಿಂದ ಹಲಗೆಗೆ, ಆಮೇಲೆ ಒಲೆಗೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆ.

ಆದ್ದರಿಂದ ಸಮನಾಗಿ ಕಾಣಬೇಕೆಂಬ ಯೋಚನೆಯನ್ನೇ ನೀವು ಬಿಡಬೇಕೆಂದು ನನ್ನ ಖಚಿತ ಅಭಿಪ್ರಾಯ. ಕಿಟಕಿಯ ಬೆಳಕು ಬೇಕಾದದ್ದು ಚಾಕು ಹಿಡಿದ ಕೈಗೆ, ಪಾತ್ರೆ ತೊಳೆಯುವುದಕ್ಕಲ್ಲ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಅವರು ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಪುಟ್ಟ ಅಡುಗೆಮನೆಯನ್ನು ರೂಪಿಸಿದಾಗ ಕಿಟಕಿಯ ಮುಂದೆ ಇಟ್ಟದ್ದು ಕೆಲಸದ ಮೇಜನ್ನು. ಆ ನಕ್ಷೆಯನ್ನು ನಾನು ನೋಡಿದ್ದು ಕಟ್ಟೆ ಒಡೆಸುವ ಸ್ವಲ್ಪ ಮೊದಲು. ನಾಲ್ಕು ವರ್ಷ ಮೊದಲೇ ನೋಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಫ್ರಿಜ್ ಮೂಲೆಯಲ್ಲೇ ಇರಲಿ, ಆದರೆ ಪಕ್ಕದ ಗೋಡೆಗೆ ಅಂಟಿಸಬೇಡಿ. ಬಾಗಿಲು 90 ಡಿಗ್ರಿಗಿಂತ ತುಸು ಹೆಚ್ಚು ತೆರೆಯದಿದ್ದರೆ ಒಳಗಿನ ತರಕಾರಿ ಡ್ರಾಯರ್ ಹೊರಬರದೇ ಹೋಗಬಹುದು. ಬಾಗಿಲಿನ ಕೀಲು ಗೋಡೆಯ ಕಡೆಗಿದ್ದರೆ ತೆಗೆದದ್ದನ್ನು ನೇರವಾಗಿ ಕಟ್ಟೆಯ ಮೇಲೆ ಇಡಬಹುದು. ಮೇಲಿನ ಕಪಾಟುಗಳ ಚಿಂತೆ ಈಗ ಬೇಡ, ಅವನ್ನು ಯಾವಾಗ ಬೇಕಾದರೂ ಹಾಕಿಸಬಹುದು.

ಕಲ್ಲು ಕತ್ತರಿಸುವ ಮೊದಲು ಒಂದು ಕೆಲಸ ಮಾಡಿ. ಉದ್ದನೆಯ ಮೇಜಿನ ಮೇಲೆ ಸೀಮೆಸುಣ್ಣದಿಂದ 40 ಸೆಂ.ಮೀ. ಗುರುತು ಹಾಕಿ, ಅದರೊಳಗೆ ಹಲಗೆ, ಒಂದು ಬಟ್ಟಲು, ಒಲೆಯಿಂದ ಇಳಿಸಿದ ಒಂದು ಪಾತ್ರೆ ಇಟ್ಟು ತರಕಾರಿ ಹೆಚ್ಚಿ ನೋಡಿ. ಆಮೇಲೆ ಗೆರೆಯನ್ನು 90ಕ್ಕೆ ಎಳೆಯಿರಿ.