ಲೆಸ್ಟರಿಗೆ ಮಾಧ್ಯಮ ಓದಲು ಬರುವ ಮುನ್ನ

ಹಾಸನದಲ್ಲಿ ಪತ್ರಿಕೋದ್ಯಮ ವಿಷಯದೊಂದಿಗೆ ಬಿ.ಎ. ಮುಗಿಸಿರುವ ನೀವು, ಇಂಗ್ಲೆಂಡಿನ ಲೆಸ್ಟರಿನಲ್ಲಿ ಮಾಧ್ಯಮ ಮತ್ತು ಸಂವಹನದ ಸ್ನಾತಕೋತ್ತರ ಪದವಿಗೆ ಸೇರಿದರೆ ಟಿ.ವಿ. ಕೆಲಸ ಸಿಗುತ್ತದೆಯೇ, ಇಲ್ಲಿನ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ನಾನೂ ಹಾಸನದವಳೇ, ಇದೇ ವಿಷಯ ಓದಲು ಬಂದು ಇಲ್ಲಿಯೇ ನೆಲೆಸಿದ್ದೇನೆ. ಚಳಿಗೂ ಬಾಡಿಗೆಗೂ ಹೇಗೋ ಹೊಂದಿಕೊಳ್ಳಬಹುದು. ಸಾಲ ಮಾಡಿ ಸೇರಿದ ಕೋರ್ಸು ನೀವು ಬಯಸಿದ್ದಲ್ಲವೆಂದು ಆಮೇಲೆ ತಿಳಿದರೆ ಹೊಂದಿಕೊಳ್ಳುವುದು ಬಹಳ ಕಷ್ಟ. ಆದ್ದರಿಂದ ಓದಿನ ವಿಚಾರವನ್ನೇ ಮೊದಲು ಬರೆಯುತ್ತೇನೆ.

ಈ ಪದವಿ ಮುಖ್ಯವಾಗಿ ಕ್ಯಾಮೆರಾ ಹಿಡಿಯುವುದನ್ನಾಗಲಿ ವರದಿ ಬರೆಯುವುದನ್ನಾಗಲಿ ಕಲಿಸುವಂಥದ್ದಲ್ಲ. ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಮೂಹ ಸಂವಹನ ಸಂಶೋಧನಾ ಕೇಂದ್ರ ಆರಂಭವಾದದ್ದು 1966ರಲ್ಲಿ. ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಟಿ.ವಿ.ಯ ಕುರಿತ ತಮ್ಮ ಪ್ರಸಿದ್ಧ ಪ್ರಬಂಧವನ್ನು 1973ರಲ್ಲಿ ಮಂಡಿಸಿದ್ದು ಇಲ್ಲಿನ ಒಂದು ವಿಚಾರಗೋಷ್ಠಿಯಲ್ಲಿಯೇ. ಪ್ರಸಾರ ಮಾಡುವವರು ಇಟ್ಟ ಅರ್ಥವನ್ನೇ ನೋಡುಗರು ತೆಗೆದುಕೊಳ್ಳಬೇಕೆಂದಿಲ್ಲ, ಅವರು ಅದನ್ನು ಒಪ್ಪಬಹುದು, ಅರೆಬರೆ ಒಪ್ಪಬಹುದು, ಪೂರ್ತಿ ವಿರೋಧಿಸಲೂಬಹುದು ಎಂಬುದು ಅದರ ಸಾರ. 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಸತ್ತ ಸುದ್ದಿಯನ್ನು ನೆನಪಿಸಿಕೊಳ್ಳಿ. ಕರ್ತವ್ಯದಲ್ಲಿ ಮಡಿದ ವೀರನ ಕಥೆಯಾಗಿ ಅದನ್ನು ನೋಡಿ ಕಣ್ಣೀರಿಟ್ಟವರಿದ್ದಾರೆ. ಅಷ್ಟೇ ದುಃಖಪಟ್ಟರೂ ಸೆರೆ ಕಾರ್ಯಾಚರಣೆ ಮಾತ್ರ ನಿಲ್ಲಬಾರದೆಂದು ಬಯಸುವ ಕಾಫಿ ಬೆಳೆಗಾರರಿದ್ದಾರೆ. ವೀರಮರಣದ ಮಾತನ್ನೇ ಒಪ್ಪದೆ, ವಯಸ್ಸಾದ ಆನೆಯನ್ನು ಅಲ್ಲಿಗೆ ಕರೆತಂದವರು ಯಾರೆಂದು ಕೇಳಿದವರೂ ಇದ್ದಾರೆ. ಒಂದೇ ಸುದ್ದಿಯನ್ನು ಹೀಗೆ ಬಿಡಿಸಿ, ಪ್ರತಿ ಓದಿನ ಹಿಂದೆ ಯಾವ ಬದುಕಿದೆ ಎಂದು ಹುಡುಕುವುದೇ ಇಲ್ಲಿನ ಓದು. ಅದರಲ್ಲಿ ನಿಮಗೆ ಆಸಕ್ತಿ ಹುಟ್ಟಿದರೆ ಧೈರ್ಯವಾಗಿ ಬನ್ನಿ.

ಬರುವಾಗ ನಮ್ಮೂರಿನ ವಿಷಯವನ್ನೇ ಪ್ರಬಂಧಕ್ಕಾಗಿ ಹೊತ್ತು ತನ್ನಿ ಎಂದು ಒತ್ತಾಯಿಸುತ್ತೇನೆ. ದೇಶದ ಮೂಲೆಮೂಲೆಗೆ ದೂರದರ್ಶನವನ್ನು ತಲುಪಿಸಿದ ಇನ್ಸಾಟ್ ಉಪಗ್ರಹಗಳ ನಿಯಂತ್ರಣ 1982ರಿಂದ ನಡೆದದ್ದು ಹಾಸನದ ಸಾಲಗಾಮೆ ರಸ್ತೆಯ ಎಂ.ಸಿ.ಎಫ್.ನಿಂದ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಿಂದ. ಹಾಸನ ಆಕಾಶವಾಣಿಯನ್ನು ಕಾಫಿ ತೋಟದ ಕೆಲಸಗಾರರು ವಾಸಿಸುವ ಲೈನ್‌ಮನೆಗಳಲ್ಲಿ ಯಾರು, ಯಾವ ಹೊತ್ತಿನಲ್ಲಿ ಕೇಳುತ್ತಾರೆ ಎಂಬುದೂ ದೊಡ್ಡ ಪ್ರಶ್ನೆಯೇ. ಇಂಥ ಪ್ರಶ್ನೆಯನ್ನು ನಿಮ್ಮಷ್ಟು ಹತ್ತಿರದಿಂದ ಬಲ್ಲವರು ತರಗತಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಅಂದಹಾಗೆ, ಇಲ್ಲಿ 50 ಅಂಕಕ್ಕೆ ಉತ್ತೀರ್ಣ, 70 ಬಂದರೆ ಅತ್ಯುನ್ನತ ಶ್ರೇಣಿ. 62 ಕಂಡು ಮನೆಯವರು ಗಾಬರಿಯಾಗದಂತೆ ಮೊದಲೇ ಹೇಳಿಡಿ.

ಇನ್ನು ಕೆಲಸ. ವರದಿಗಾರಿಕೆಯೇ ನಿಮ್ಮ ಗುರಿಯಾಗಿದ್ದರೆ ಪತ್ರಕರ್ತರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಜೆಯ ಮಾನ್ಯತೆಯಿರುವ ಪತ್ರಿಕೋದ್ಯಮ ಕೋರ್ಸನ್ನು ಹುಡುಕುವುದು ಮೇಲು, ಏಕೆಂದರೆ ಇಲ್ಲಿನ ಸುದ್ದಿಮನೆಗಳು ಗುರುತಿಸುವ ತರಬೇತಿ ಅದು. ಬಿಬಿಸಿಯ ಮೊದಲ ಸ್ಥಳೀಯ ರೇಡಿಯೊ ಕೇಂದ್ರ 1967ರಲ್ಲಿ ಶುರುವಾದದ್ದು ಲೆಸ್ಟರಿನಲ್ಲೇ ಆದರೂ, ಆ ಹೆಮ್ಮೆಯಿಂದ ಹೊಸಬರಿಗೆ ಹುದ್ದೆ ಸಿಗುವುದಿಲ್ಲ. ಸಂಶೋಧನೆ, ಸಂಸ್ಥೆಗಳ ಸಂವಹನ ವಿಭಾಗ, ಬೋಧನೆ, ಇವು ಈ ಪದವಿಗೆ ಹೆಚ್ಚು ಹತ್ತಿರದ ದಾರಿಗಳು.

ಬದುಕಿನ ವಿಚಾರ ಇಷ್ಟು. ತರಗತಿಗಳು ನಡೆಯುವ ಅವಧಿಯಲ್ಲಿ ವಿದ್ಯಾರ್ಥಿ ವೀಸಾದವರು ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆ ಸಂಬಳದಿಂದ ಶುಲ್ಕದ ಸಾಲ ತೀರುತ್ತದೆಂಬ ಲೆಕ್ಕ ಹಾಕಬೇಡಿ. ಖಾಸಗಿ ಮನೆ ಹಿಡಿದರೆ, ಮುಂಗಡವನ್ನು ಮಾಲೀಕರು 30 ದಿನದೊಳಗೆ ಸರ್ಕಾರದ ಮಾನ್ಯತೆ ಪಡೆದ ಠೇವಣಿ ರಕ್ಷಣಾ ಯೋಜನೆಯಡಿ ನೋಂದಾಯಿಸಬೇಕು. ಅದರ ದಾಖಲೆಯನ್ನು ಕೇಳಿ ಪಡೆಯಿರಿ. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ತೊಗರಿಬೇಳೆ, ಕರಿಬೇವು ಎಲ್ಲವೂ ಸಿಗುವುದರಿಂದ ಸಾರು ಮಾಡಿಕೊಳ್ಳಲು ಕೊರತೆಯಿಲ್ಲ.

ಈ ವರ್ಷ ಯಾವ ಯಾವ ವಿಷಯಗಳನ್ನು ಬೋಧಿಸುತ್ತಾರೆ, ಅವುಗಳಲ್ಲಿ ಪ್ರಾಯೋಗಿಕವಾದವು ಎಷ್ಟು ಎಂದು ವಿಭಾಗಕ್ಕೆ ಬರೆದು ಕೇಳಿ. ಉತ್ತರ ಬಂದೊಡನೆ, ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ, ನನಗೂ ಕಳುಹಿಸಿ. ಒಂದೊಂದನ್ನೂ ಓದಿ ಅಭಿಪ್ರಾಯ ಬರೆಯುತ್ತೇನೆ.