ಟ್ರಕ್ಕಿನ ಬೆನ್ನ ಮೇಲೆ ಎಷ್ಟು ಭಾರ ಕೂರುತ್ತದೆ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಒಂದು ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ ಸಿಕ್ಕಿಸಿ ಎಳೆಯುವ ಚಕ್ರದ ಮನೆ) ಮೆಚ್ಚಿಕೊಂಡಿದ್ದೇವೆ. ಖಾಲಿ ತೂಕ 11,200 ಪೌಂಡ್, ಜಿವಿಡಬ್ಲ್ಯುಆರ್ 14,000. ನೋಡಿಟ್ಟಿರುವ ಮುಕ್ಕಾಲು ಟನ್ ದರ್ಜೆಯ ಡೀಸೆಲ್ ಪಿಕಪ್ 18,000 ಪೌಂಡ್ ಎಳೆಯುತ್ತದಂತೆ. ಅದರ ಬಾಗಿಲ ಸ್ಟಿಕ್ಕರ್ ಮೇಲೆ 2,300 ಪೌಂಡ್ ಅಂತಲೂ ಇದೆ, ಅದೇನೋ ಅರ್ಥವಾಗಲಿಲ್ಲ. ಈ ಟ್ರಕ್ ಸಾಕಲ್ವಾ?

ಉತ್ತರ: ಸಾಲುವುದಿಲ್ಲ. ನಿಮಗೆ ಅರ್ಥವಾಗದೆ ಬಿಟ್ಟ ಆ 2,300 ಇದೆಯಲ್ಲ, ಎಲ್ಲಾ ತೀರ್ಮಾನವಾಗುವುದು ಅದರಲ್ಲೇ.

ಮೊದಲು 11,200 ಮರೆತುಬಿಡಿ. ಅದು ಕಾರ್ಖಾನೆಯಿಂದ ಹೊರಬಂದಾಗಿನ ತೂಕ. ಅದರಲ್ಲಿ ನೀರಿಲ್ಲ, ಪಾತ್ರೆ ಹಾಸಿಗೆ ಇಲ್ಲ, ಎಷ್ಟೋ ಸಲ ಬ್ಯಾಟರಿಯೂ ಲೆಕ್ಕಕ್ಕೆ ಬಂದಿರುವುದಿಲ್ಲ. ಒಂದು ಗ್ಯಾಲನ್ ನೀರೇ 8.3 ಪೌಂಡ್ ತೂಗುತ್ತದೆ, 60 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲಿಗೇ 500 ಪೌಂಡ್ ಆಯಿತು. ನಾಲ್ಕು ಜನರ ಸಂಸಾರ ಹತ್ತಿದ ಮೇಲೆ ಟ್ರೇಲರ್ ತುಂಬಿಯೇ ತುಂಬುತ್ತದೆ. ಹಾಗಾಗಿ ಲೆಕ್ಕಕ್ಕೆ ಜಿವಿಡಬ್ಲ್ಯುಆರ್ ಹಿಡಿಯಿರಿ, ಅಂದರೆ ತುಂಬಿದ ಟ್ರೇಲರ್ ಮೀರಬಾರದ ತೂಕ, 14,000.

ಈಗ ಮುಖ್ಯ ವಿಷಯ. ಫಿಫ್ತ್ ವೀಲ್ ಟ್ರೇಲರ್ ಬರೀ ಹಿಂದಿನಿಂದ ಎಳೆಸಿಕೊಂಡು ಬರುವುದಿಲ್ಲ, ತನ್ನ ಕಿಂಗ್‌ಪಿನ್ (ಟ್ರೇಲರಿನ ಮುಂಭಾಗದಿಂದ ಕೆಳಗಿಳಿದ ದಪ್ಪ ಉಕ್ಕಿನ ಗೂಟ) ಮೂಲಕ ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ. ಅದರ ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 20ರಿಂದ 25ರಷ್ಟು ಅಲ್ಲಿಗೆ ಬೀಳುತ್ತದೆ. ಮಾಮೂಲಿ ಟ್ರಾವೆಲ್ ಟ್ರೇಲರ್‌ನಲ್ಲಾದರೆ 10ರಿಂದ 15 ಅಷ್ಟೆ. ಸಾಮಾನಿಡುವ ದೊಡ್ಡ ಜಾಗ ಮುಂದೆ, ಮಲಗುವ ಕೋಣೆಯ ಕೆಳಗೆ ಇರುವುದರಿಂದ ಕುರ್ಚಿ, ಪೈಪು, ಉಪಕರಣ ಎಲ್ಲಾ ಅಲ್ಲೇ ಸೇರಿ ಈ ಭಾರ ಇನ್ನಷ್ಟು ಜಾಸ್ತಿಯಾಗುತ್ತದೆ.

ನಿಮ್ಮ ಲೆಕ್ಕ ನೋಡಿ. 14,000ಕ್ಕೆ ಶೇಕಡಾ 20 ಅಂದರೂ 2,800. ಆ ಗೂಟ ಹಿಡಿಯಲು ಟ್ರಕ್ಕಿನಲ್ಲಿ ಕೂರಿಸುವ ಹಿಚ್ ಒಂದು 200. ನಾಲ್ಕು ಜನರಿಗೆ ಸೇರಿ 500 ಅನ್ನಿ. ಟ್ರಕ್ಕಿನಲ್ಲಿ ಚೂರುಪಾರು ಸಾಮಾನು 100. ಒಟ್ಟು 3,600. ಬಾಗಿಲ ಸ್ಟಿಕ್ಕರ್ ಹೇಳುವುದು ಜನ, ಸಾಮಾನು ಎಲ್ಲಾ ಸೇರಿ 2,300 ಮೀರಬಾರದು ಅಂತ. 18,000 ಎಳೆಯುವ ಎಂಜಿನ್ ಇದ್ದೂ 1,300 ಪೌಂಡ್ ಮಿತಿ ದಾಟಿದಿರಿ! ಹೀಗಾದಾಗ ಟ್ರಕ್ಕಿನ ಹಿಂಭಾಗ ಕುಸಿದು, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಹಿಂದಿನ ಟೈರು ಕಾಯುತ್ತದೆ. ಕುಸಿಯದಂತೆ ಹಿಂದಿನ ಸ್ಪ್ರಿಂಗ್ ಜೊತೆ ಗಾಳಿ ತುಂಬುವ ಏರ್‌ಬ್ಯಾಗ್ ಹಾಕಿಸಿದರೆ ಆಯಿತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದರಿಂದ ಟ್ರಕ್ ಸಮ ನಿಲ್ಲುತ್ತದೆ, ಆಕ್ಸಲ್ಲಿನ ಮಿತಿ ಒಂದು ಪೌಂಡೂ ಹೆಚ್ಚುವುದಿಲ್ಲ.

ಶೇಕಡಾ 25 ಹಿಡಿದರೆ ಒಟ್ಟು 4,300 ಆಗುತ್ತದೆ. ಸ್ಟಿಕ್ಕರ್ ಮೇಲೆ ಅಷ್ಟಾದರೂ ಇರುವ ಒನ್ ಟನ್ ದರ್ಜೆಯ ಟ್ರಕ್ ಹುಡುಕಿ (ಟನ್ ಅನ್ನುವುದು ದರ್ಜೆಯ ಹೆಸರಷ್ಟೆ, ಹೊರುವ ಮಿತಿಯಲ್ಲ), ಹಿಂದೆ ಜೋಡಿ ಚಕ್ರದ್ದಾದರೆ ಇನ್ನೂ ನಿರಾಳ. ಒಂದೇ ಮಾಡೆಲ್ಲಿನ ಎರಡು ಟ್ರಕ್ಕುಗಳಲ್ಲೇ ಈ ಅಂಕಿ ನೂರಾರು ಪೌಂಡ್ ವ್ಯತ್ಯಾಸವಾಗುತ್ತದೆ, ಯಾಕೆಂದರೆ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್, ಸನ್‌ರೂಫ್ ಎಲ್ಲದರ ತೂಕವೂ ಇದರಲ್ಲೇ ಕಳೆಯುತ್ತದೆ. ಜಾಹೀರಾತು ನಂಬಬೇಡಿ. ನೀವು ಕೊಳ್ಳುವ ಟ್ರಕ್ಕಿನದೇ ಬಾಗಿಲು ತೆಗೆದು ಓದಿ.

ಕೊಂಡ ಮೇಲೆ, ಮೊದಲ ಪ್ರಯಾಣಕ್ಕೆ ಎಲ್ಲಾ ತುಂಬಿಸಿಕೊಂಡು ಹೆದ್ದಾರಿಯ ಟ್ರಕ್ ಸ್ಟಾಪ್‌ನಲ್ಲಿರುವ ಕ್ಯಾಟ್ ಸ್ಕೇಲ್ (ವಾಹನ ತೂಗುವ ತಕ್ಕಡಿ) ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಮೂರರದ್ದೂ ಬೇರೆಬೇರೆ ತೂಕ ಚೀಟಿಯಲ್ಲಿ ಬರುತ್ತದೆ. ಆಮೇಲೆ ಟ್ರೇಲರ್ ಬಿಚ್ಚಿಟ್ಟು, ಎಲ್ಲರೂ ಕೂತಂತೆಯೇ ಟ್ರಕ್ ಮಾತ್ರ ತೂಗಿಸಿ. ಒಟ್ಟು 21,000 ಬಂತು, ಟ್ರಕ್ ಒಂದೇ 8,000 ಅಂದುಕೊಳ್ಳಿ. ಟ್ರೇಲರ್ 13,000 ಆಯಿತು. ಮೊದಲ ಚೀಟಿಯಲ್ಲಿ ಟ್ರೇಲರ್ ಆಕ್ಸಲ್ ಮೇಲೆ 10,200 ಇದ್ದರೆ ಉಳಿದ 2,800 ನಿಮ್ಮ ಟ್ರಕ್ ಹೊತ್ತಿದೆ. ಹಿಂದಿನ ಆಕ್ಸಲ್ಲಿನ ಅಂಕಿಯನ್ನು ಬಾಗಿಲ ಮೇಲಿರುವ ಹಿಂದಿನ ಆಕ್ಸಲ್ ಮಿತಿಯ ಪಕ್ಕ ಇಟ್ಟು ನೋಡಿ. ಜಾಸ್ತಿ ಇದ್ದರೆ ಮುಂದಿನ ಕೋಣೆಯಿಂದ ಸಾಮಾನು ಇಳಿಸಿ ಹೊರಡಿ.